ಎರಡು ಮಳೆ ನಡುವೆ ಕಾಯೋದು

ಈ ಸಲ ಜೋಳದ ಹುಳದ ಬಗ್ಗೆ ಅಲ್ಲ, ಗೊಬ್ಬರದ ರೇಟಿನ ಬಗ್ಗೆಯೂ ಅಲ್ಲ. ನಮ್ಮ ತಲೆ ತಿನ್ನೋ ಹುಳದ ಬಗ್ಗೆ ಬರೀತಿದೀನಿ. ಸ್ವಲ್ಪ ಉದ್ದ ಆಯ್ತದೆ, ಪುರುಸೊತ್ತಲ್ಲಿ ಓದಿ.

ನಮ್ಮ ಲೊಕ್ಕನಹಳ್ಳಿ, ಒಡೆಯರಪಾಳ್ಯ ಕಡೆ ಮಳೆ ಎರಡು ಕಂತಲ್ಲಿ ಬರ್ತದೆ. ಮೇ ತಿಂಗಳಲ್ಲಿ ಭರಣಿ, ಕೃತ್ತಿಕೆ ಹುಯ್ದರೆ ಉಳುಮೆ, ಬಿತ್ತನೆ. ಜೂನ್, ಜುಲೈನಲ್ಲಿ ಗಾಳಿ ಜಾಸ್ತಿ, ಮಳೆ ಕಮ್ಮಿ. ಮತ್ತೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿಗೆ. ಈ ನಡುವಿನ ದಿನಗಳೇ ನಮ್ಮನ್ನ ಅರ್ಧ ಜೀವ ಮಾಡೋದು. ಜೋಳ ಮೊಣಕಾಲುದ್ದ ಬಂದು ಎಲೆ ಸುರುಳಿ ಸುತ್ಕೊಂಡು ನಿಂತಿರ್ತದೆ. ಸಾಲದ ಗಡುವು, ಮಕ್ಕಳ ಫೀಸು. ರಾತ್ರಿ ಅಟ್ಟಣೆ ಮೇಲೆ ಆನೆ, ಹಂದಿ ಕಾಯ್ತಾ ಕೂತ್ರೆ ಕಣ್ಣು ಕಾಡಿನ ಕಡೆ, ಲೆಕ್ಕ ತಲೆ ಒಳಗೆ. "ನಿದ್ದೆ ಬರದಿಲ್ಲ ಕಣಣ್ಣ" ಅಂತ ಹೇಳೋರು ಈಗ ಪ್ರತಿ ಊರಲ್ಲೂ ಇದ್ದಾರೆ.

ನಾನು ಕ್ರೈಸ್ತ. ಬೈಬಲಿನಲ್ಲಿ ಯಕೋಬನ ಪತ್ರ ಅಂತ ಒಂದಿದೆ. ಅದರ 5ನೇ ಅಧ್ಯಾಯದಲ್ಲಿ ತಾಳ್ಮೆ ಅಂದ್ರೆ ಏನು ಅಂತ ಹೇಳೋಕೆ ಅವನು ಮೊದಲು ತೋರ್ಸೋದು ರೈತನನ್ನ. ಪ್ರವಾದಿಗಳು, ಯೋಬ ಎಲ್ಲ ಆಮೇಲೆ ಬರ್ತಾರೆ. ಆ ರೈತ ಕಾಯ್ತಿರೋದೂ ಮುಂಗಾರು, ಹಿಂಗಾರು ಎರಡು ಮಳೆಗೇ. ಆ ದೇಶದಲ್ಲಿ ಮೊದಲ ಮಳೆ ಅಕ್ಟೋಬರ್, ನವೆಂಬರಿಗೆ, ಕಡೇ ಮಳೆ ಮಾರ್ಚ್, ಏಪ್ರಿಲ್‌ಗೆ. ತಿಂಗಳು ಬೇರೆ, ಸಂಕಟ ನಮ್ಮದೇ.

ಇಲ್ಲಿ ಒಂದು ವಿಚಾರ ಗಮನಿಸಿ. ಆ ರೈತ ಸೋಮಾರಿಯಾಗಿ ಕೂತಿಲ್ಲ. ಬಿತ್ತಿದ ಮೇಲೆ ಕಾಯ್ತಾ ಇದ್ದಾನೆ. ಕಳೆ ತೆಗೆಯೋದು, ಬದ ಗಟ್ಟಿ ಮಾಡೋದು, ಬ್ಯಾಂಕಿಗೆ ಹೋಗಿ ಗಡುವು ಕೇಳೋದು ನಮ್ಮ ಕೆಲಸ. ಮೋಡ ನಮ್ಮ ಕೆಲಸ ಅಲ್ಲ. ನಮ್ಮ ನಿದ್ದೆ ಕೆಡ್ಸೋದು ಬಹುಪಾಲು ನಮ್ಮ ಕೈಲಿಲ್ಲದ್ದು. ಕಣದಲ್ಲಿ ತೂರಿ ಕಾಳು, ಹೊಟ್ಟು ಬೇರೆ ಮಾಡ್ತೀವಲ್ಲ, ಪ್ರಾರ್ಥನೆ ಮಾಡೋ ಕೆಲಸ ಅದೇ ಅನ್ನೋದು ನನ್ನ ಅಭಿಪ್ರಾಯ. ನಾನು ಮಾಡ್ಬೇಕಾದ್ದು ಒಂದು ಕಡೆ, ದೇವರಿಗೆ ಬಿಡ್ಬೇಕಾದ್ದು ಒಂದು ಕಡೆ.

ಅಟ್ಟಣೆ ಮೇಲೆ ನಾನು ಜಪಸರ ಹೇಳ್ತೀನಿ. ಒಂದು ಸರ ಮುಗಿಯೋ ಹೊತ್ತಿಗೆ ಮರಿಯಮ್ಮನವರ ಪ್ರಾರ್ಥನೆ 53 ಸಲ ಆಗಿರ್ತದೆ. ಮೊದಲ ಹತ್ತು ಮಣಿ ಪೂರ್ತಿ ಸಾಲದ ಲೆಕ್ಕದಲ್ಲೇ ಹೋಯ್ತದೆ. ಮೂರನೇ ಹತ್ತಕ್ಕೆ ಉಸಿರು ನಿಧಾನ ಆಯ್ತದೆ. ಅವಸರ ಮಾಡಿದ್ರೆ ಇದೂ ಫಲ ಕೊಡಲ್ಲ.

ಹಾಗಂತ "ಪ್ರಾರ್ಥನೆ ಮಾಡು, ಸಾಲ ತೀರ್ತದೆ, ಮಳೆ ಬರ್ತದೆ" ಅನ್ನೋರ ಮಾತು ನಾನು ಒಪ್ಪಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸ್ತು. ಅಷ್ಟೂ ತಾಲ್ಲೂಕಿನ ಜನ ಭಕ್ತಿ ಕಮ್ಮಿ ಮಾಡಿದ್ರಾ? "ನಂಬಿಕೆ ಇದ್ದೋನಿಗೆ ಟೆನ್ಷನ್ ಬರಬಾರದು" ಅನ್ನೋದೂ ತಪ್ಪು. ಹಿಡಿದುಕೊಡೋ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿಯೇ ಸಂಕಟಪಟ್ಟು, ಈ ಕಷ್ಟ ತಪ್ಪಲಿ ಅಂತ ಮೂರು ಸಲ ಬೇಡಿದ್ರು. ಕಷ್ಟ ತಪ್ಪಲಿಲ್ಲ. ಆದ್ರೆ ಬೇಡಿ ಎದ್ದ ಮೇಲೆ ಓಡಿಹೋಗದೆ ಎದುರು ನಿಂತ್ರು. ಪ್ರಾರ್ಥನೆಯಿಂದ ಸಿಗೋ ಶಾಂತಿ ಅಂದ್ರೆ ನನಗೆ ಅದು.

ಸಂತ ಪೌಲ ಫಿಲಿಪ್ಪಿಯವರಿಗೆ ಪತ್ರ ಬರೆದಾಗ ಜೈಲಲ್ಲಿದ್ದ. ಚಿಂತೆ ಬಿಟ್ಟು ದೇವರ ಹತ್ರ ಕೇಳಿ, ಕೇಳೋವಾಗಲೇ ಉಪಕಾರವನ್ನೂ ನೆನೀರಿ ಅನ್ನೋ ಅರ್ಥದಲ್ಲಿ ಬರೀತಾನೆ. ಮಂಗಳೂರು ಕಡೆ ಕ್ರೈಸ್ತರು ಸೆಪ್ಟೆಂಬರ್ 8ಕ್ಕೆ ತೆನೆ ಹಬ್ಬ ಮಾಡ್ತಾರೆ. ಹೊಸ ಭತ್ತದ ತೆನೆ ಚರ್ಚಿಗೆ ಒಯ್ದು ಆಶೀರ್ವಾದ ಮಾಡ್ಸಿ ಮನೆಗೆ ತರ್ತಾರೆ. ಇನ್ನೂ ಪೂರ್ತಿ ಬೆಳೆ ಕಣಕ್ಕೆ ಬಂದಿರಲ್ಲ, ಕೃತಜ್ಞತೆ ಮುಂಚೆನೇ ಹೇಳಿ ಆಗಿರ್ತದೆ. ಇಲ್ಲದ್ದನ್ನೇ ಎಣಿಸೋ ಮನಸ್ಸಿಗೆ ಇದು ಒಳ್ಳೇ ಅಭ್ಯಾಸ.

ಇನ್ನೊಂದು ಮುಖ್ಯ ಮಾತು. ವಾರಗಟ್ಟಲೆ ನಿದ್ದೆ, ಊಟ ಸೇರದೆ ಇದ್ರೆ, ಬದುಕೋದೇ ಬೇಡ ಅನ್ನಿಸಿದ್ರೆ ಪ್ರಾರ್ಥನೆ ಜೊತೆಗೆ ಡಾಕ್ಟರೂ ಬೇಕು. ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಹೊಲಕ್ಕೆ ಹೊಡೆಯೋ ಔಷಧಿ ಡಬ್ಬ ಮನೇಲಿ ಕೈಗೆ ಸಿಗೋ ಹಾಗೆ ಇಡಬೇಡಿ, ಬೀಗ ಹಾಕಿ. ಡಾಕ್ಟರ ಹತ್ರ ಹೋದ್ರೆ ನಂಬಿಕೆ ಕಮ್ಮಿ ಆಯ್ತು ಅಂತ ಯಾರೂ ಆಡ್ಕೋಬಾರದು.

ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೇಲಿ ಹೋಗೋ ಅಣ್ಣತಮ್ಮಂದಿರಿಗೆ ನಾನು ಹೇಳಿದ್ದು ಹೊಸದೇನಲ್ಲ. ಹೆಜ್ಜೆ ಹೆಜ್ಜೆಗೆ ಹೆಸರು ಕರೀತಾ ಹೋಗೋ ತಾಳ್ಮೆ ನಿಮಗೆ ಗೊತ್ತು. ದೇವರ ಹೆಸರು ಯಾವುದಾದ್ರೂ ಆಗ್ಲಿ, ನಿದ್ದೆಗೆಟ್ಟ ರೈತ ಒಬ್ಬನೇ ಕೂತಿರಬಾರದು. ಪಕ್ಕದ ಹೊಲದೋರು ನಾಲ್ಕು ದಿನದಿಂದ ಮಾತಾಡ್ಸಿಲ್ಲ ಅಂದ್ರೆ ಇವತ್ತೇ ಒಂದು ಸಲ ಹೋಗಿ ಕೂತ್ಕೊಂಡು ಬನ್ನಿ.