ಮನದ ನುಡಿಯೆಲ್ಲವೂ ನಿಜವಲ್ಲ

ನೀರಿನಲ್ಲಿ ನೆಟ್ಟ ನೇರವಾದ ಕೋಲು ಡೊಂಕಾಗಿ ಕಾಣುತ್ತದೆ. ಕೋಲು ಡೊಂಕಲ್ಲ, ನೋಡುವ ಕಣ್ಣೂ ಕೆಟ್ಟಿಲ್ಲ. ನಡುವೆ ಇರುವ ನೀರು ಹಾಗೆ ತೋರಿಸುತ್ತದೆ. ನೊಂದ ಮನಸ್ಸಿನ ಸ್ಥಿತಿಯೂ ಇಂಥದೇ.

ಮಳೆ ಕೈಕೊಟ್ಟು ಬೆಳೆ ಒಣಗಿದ ರೈತನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. "ಈ ವರ್ಷ ಸಾಲ ತೀರಿಸಲಾಗದು" ಎಂಬುದು ಅವನ ಪಾಲಿಗೆ ಸತ್ಯ. ಆದರೆ ಅದೇ ಮನಸ್ಸು ಮರುಕ್ಷಣವೇ "ಇನ್ನೆಂದೂ ತೀರಿಸಲಾಗದು" ಎನ್ನುತ್ತದೆ. "ಊರೆಲ್ಲ ನನ್ನನ್ನು ಕಂಡು ನಗುತ್ತಿದೆ" ಎನ್ನುತ್ತದೆ. ಕೊನೆಗೆ "ನಾನಿಲ್ಲದಿದ್ದರೆ ಮನೆಯವರ ಹೊರೆ ಇಳಿದೀತು" ಎನ್ನುತ್ತದೆ. ಮೊದಲನೆಯದು ಲೆಕ್ಕ, ಎರಡನೆಯದು ಆಧಾರವಿಲ್ಲದ ಭವಿಷ್ಯವಾಣಿ, ಮೂರನೆಯದು ಪರರ ಮನಸ್ಸನ್ನು ಓದಿದೆನೆಂಬ ಭ್ರಮೆ, ನಾಲ್ಕನೆಯದು ಪ್ರಾಣಕ್ಕೇ ಎರವಾಗಬಲ್ಲ ಸುಳ್ಳು. ನಾಲ್ಕೂ ಒಂದೇ ದನಿಯಲ್ಲಿ ಕೇಳಿಬರುವುದರಿಂದ ಅವನಿಗೆ ನಾಲ್ಕೂ ನಿಜವೆನಿಸುತ್ತವೆ.

ಅಮೆರಿಕದ ಮನೋವೈದ್ಯ ಏರನ್ ಬೆಕ್ (1921–2021) 1960ರ ದಶಕದಲ್ಲಿ ಖಿನ್ನತೆಯಿಂದ ಬಳಲುವವರ ಮಾತುಗಳಲ್ಲಿ ಗುರುತಿಸಿದ್ದು ಇದನ್ನೇ. ಒಂದು ಸೋಲನ್ನು ಬಾಳಿನ ಸೋಲೆಂದು ಹಿಗ್ಗಿಸುವುದು, ಒಳಿತನ್ನು ಜರಡಿಯಲ್ಲಿ ಸೋಸಿ ಚೆಲ್ಲಿ ಕೆಡುಕನ್ನಷ್ಟೇ ಉಳಿಸಿಕೊಳ್ಳುವುದು, ಆದದ್ದಕ್ಕೆಲ್ಲ ತಾನೇ ಕಾರಣನೆಂದು ಬಗೆಯುವುದು, ಇವೆಲ್ಲ ಆಲೋಚನೆಯ ವಕ್ರತೆಗಳು. ಇವನ್ನು ಸಾಕ್ಷ್ಯದ ಒರೆಗೆ ಹಚ್ಚಿ ನೋಡಲು ರೋಗಿಗೆ ಕಲಿಸುವುದೇ ಬೆಕ್ ರೂಪಿಸಿದ ಚಿಕಿತ್ಸೆಯ ತಿರುಳು. "ಒಳ್ಳೆಯದನ್ನೇ ಯೋಚಿಸು" ಎಂಬ ಉಪದೇಶಕ್ಕೂ ಇದಕ್ಕೂ ಬಹಳ ಅಂತರವಿದೆ. ಅಲ್ಲಿ ಕಹಿಯ ಮೇಲೆ ಸಕ್ಕರೆ ಲೇಪಿಸಲಾಗುತ್ತದೆ. ಇಲ್ಲಿ ನಿಜವೇನೆಂದು ಕೇಳಲಾಗುತ್ತದೆ.

ಈ ಅರಿವನ್ನು ಪರರನ್ನು ಹೊಡೆಯುವ ಕೋಲಾಗಿಸಿಕೊಳ್ಳಬಾರದು. ಸಾಲಗಾರನಿಗೆ "ನಿನ್ನ ಯೋಚನೆಯೇ ತಪ್ಪು" ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಸಾಲವು ಭ್ರಮೆಯಲ್ಲ. ಅದಕ್ಕೆ ಬ್ಯಾಂಕಿನ ಬಾಗಿಲು ತಟ್ಟಬೇಕು, ಬೆಳೆ ವಿಮೆಯನ್ನು ವಿಚಾರಿಸಬೇಕು, ಬಂಧುಗಳು ಹೆಗಲು ಕೊಡಬೇಕು. ಲೋಕದ ಕಷ್ಟಕ್ಕೆ ಲೋಕದ ಪರಿಹಾರ. ಆ ಕಷ್ಟದ ಮೇಲೆ ಮನಸ್ಸು ಬೆಳೆಸಿದ ಸುಳ್ಳಿಗೆ ಮಾತ್ರ ಮನಸ್ಸಿನ ಚಿಕಿತ್ಸೆ. ಎರಡನ್ನೂ ಬೇರ್ಪಡಿಸಿ ನೋಡುವುದೇ ವಿವೇಕ.

ಚಿಕಿತ್ಸೆಯ ಆಯ್ಕೆಗೂ ಇದೇ ವಿವೇಕ ಬೇಕು. ಎಲ್ಲ ನೋವಿಗೂ ಒಂದೇ ಮದ್ದಿಲ್ಲ. ಹಾಸಿಗೆ ಬಿಟ್ಟೇಳಲಾಗದಷ್ಟು ಕುಗ್ಗಿದವನಿಗೆ ಆಲೋಚನೆಗಳೊಡನೆ ವಾದಿಸುವ ತ್ರಾಣವೇ ಇರದು. ಅಂಥವನನ್ನು ಮೊದಲು ಸಣ್ಣಪುಟ್ಟ ಕೆಲಸಗಳಿಗೆ ಮರಳಿಸುವ ವಿಧಾನವೊಂದಿದೆ. ಮೈ ಕಾಯಕಕ್ಕೆ ತೊಡಗಿದಂತೆ ಮನವೂ ನಿಧಾನವಾಗಿ ತಿಳಿಯಾಗುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಆದರೆ ತರಬೇತಿ ಪಡೆದ ಸಲಹೆಗಾರರು ಇದನ್ನು ಆರರಿಂದ ಎಂಟು ಭೇಟಿಗಳಲ್ಲಿ ನೀಡಿದಾಗ ಹೆಚ್ಚು ಜನ ಚೇತರಿಸಿಕೊಂಡರೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಕೈ ತೊಳೆದಷ್ಟೂ ಮೈಲಿಗೆಯ ಶಂಕೆ ಹೋಗದ ಗೀಳಿನವನಿಗೆ ದಾರಿ ಬೇರೆ. ಅವನೊಡನೆ ತರ್ಕಿಸಿ ಧೈರ್ಯ ಹೇಳಿದಷ್ಟೂ ಶಂಕೆ ಬೆಳೆಯುತ್ತದೆ. ಅಂಜುವುದನ್ನು ಹಂತಹಂತವಾಗಿ ಎದುರಿಸಿ, ತೊಳೆಯದೆ ಉಳಿಯುವ ಅಭ್ಯಾಸವೇ ಅವನಿಗೆ ಮದ್ದು. ಖಿನ್ನತೆ ಮರಳಿ ಮರಳಿ ಬರುವವರಿಗೆ ಧ್ಯಾನವನ್ನು ಬೆಸೆದ ಚಿಕಿತ್ಸೆಯುಂಟು. ಅಲ್ಲಿ ಆಲೋಚನೆಯೊಡನೆ ಕಾದಾಟವಿಲ್ಲ, ಬಂದುಹೋಗುವ ಮೋಡದಂತೆ ಅದನ್ನು ನೋಡುವ ಸಾಧನೆಯಿದೆ. ತೀವ್ರ ಖಿನ್ನತೆಗೆ, ಉನ್ಮಾದಕ್ಕೆ ಮಾತಷ್ಟೇ ಸಾಲದೆ ಔಷಧಿಯೂ ಬೇಕಾದೀತು. ಅದನ್ನು ನಿರ್ಧರಿಸಬೇಕಾದವರು ಮನೋವೈದ್ಯರು.

ಆದುದರಿಂದ ಹೆಸರಿನ ಖ್ಯಾತಿಗೆ ಮಾರುಹೋಗದೆ ಕೆಲವನ್ನು ಕೇಳಿ ತಿಳಿಯುವುದು ಲೇಸು. ಚಿಕಿತ್ಸಕರ ವಿದ್ಯಾರ್ಹತೆ ಏನು? ಈ ಕಾಯಿಲೆಗೆ ಈ ವಿಧಾನವನ್ನೇ ಏಕೆ ಆರಿಸಿದರು? ಎಷ್ಟು ಭೇಟಿಗಳು ಬೇಕು? ಗುಣ ಕಾಣುತ್ತಿದೆಯೆಂದು ಅಳೆಯುವುದು ಹೇಗೆ? ಪ್ರಾಮಾಣಿಕ ಚಿಕಿತ್ಸಕರು ಇವಕ್ಕೆ ಮುನಿಯುವುದಿಲ್ಲ. ಕೆಲವು ವಾರಗಳಾದರೂ ಫಲ ಕಾಣದಿದ್ದರೆ ಅದನ್ನು ತೆರೆದು ಹೇಳಿ ದಾರಿ ಬದಲಿಸುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಮಾತನ್ನು ಸದ್ಭಕ್ತರು ಮನಗಾಣಬೇಕು. ಮನೆಯಲ್ಲಿ ಯಾರಾದರೂ ಮಂಕಾದಾಗ "ಪೂಜೆಯಲ್ಲಿ ನಿಷ್ಠೆ ಸಾಲದು" ಎನ್ನುವವರಿದ್ದಾರೆ. ತನ್ನನ್ನೇ ಹಳಿದುಕೊಳ್ಳುತ್ತಿರುವ ಮನಸ್ಸಿಗೆ ಈ ಮಾತು ಇನ್ನೊಂದು ಸಾಕ್ಷಿಯಾಗುತ್ತದೆ: "ದೇವರೂ ನನ್ನನ್ನು ಒಲ್ಲ." ಭಕ್ತಿಯ ಹೆಸರಿನಲ್ಲಿ ನುಡಿದದ್ದು ರೋಗಕ್ಕೆ ಮೇವಾಗುತ್ತದೆ. ಜ್ವರ ಬಂದವನ ಭಕ್ತಿಯನ್ನು ಯಾರೂ ಶಂಕಿಸುವುದಿಲ್ಲ; ಖಿನ್ನತೆಗೆ ಮಾತ್ರ ಬೇರೆ ನ್ಯಾಯವೇಕೆ? ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇಷ್ಟು ಜನರ ಮೌನಕ್ಕೆ ಇಂತಹ ಚುಚ್ಚುನುಡಿಗಳ ಅಂಜಿಕೆಯೂ ಒಂದು ಕಾರಣ.

ಪೂಜೆ ಬಿಡಬೇಕಿಲ್ಲ, ಪೂಜೆಯ ನೆಪದಲ್ಲಿ ಚಿಕಿತ್ಸೆಯನ್ನು ಬಿಡಬಾರದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ, ಹಣವಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. "ನಾನಿಲ್ಲದಿದ್ದರೇ ಲೇಸು" ಎಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ತರ್ಕದಿಂದ ತಳ್ಳಿಹಾಕದೆ, ಬೈಯದೆ, ಒಂಟಿಯಾಗಿ ಬಿಡದೆ, ಪಕ್ಕದಲ್ಲಿ ಕುಳಿತು ಕೇಳಿ, ವೈದ್ಯರ ಬಳಿಗೆ ಜೊತೆಯಾಗಿ ನಡೆಯುವುದು ನಿಜವಾದ ದಾಸೋಹ. ನೀರಿನಲ್ಲಿ ಕೋಲು ಡೊಂಕಾಗಿ ಕಂಡವನಿಗೆ ಬುದ್ಧಿವಾದ ಬೇಕಿಲ್ಲ. ಕೈಹಿಡಿದು ಕೋಲನ್ನು ಮುಟ್ಟಿಸುವವರೊಬ್ಬರು ಬೇಕು.