ಮನೆಯ ಮಾತು: ರಾಯರ ಪ್ಯಾಸ್ಕಲ್

ದೀಪಾವಳಿಯ ಮರುದಿನ ಡೊಂಬಿವಲಿಯ ರಾಯರು ನಮ್ಮ ಮನೆಗೆ ದಯಮಾಡಿಸಿದರು. ಒಂದು ಕೈಯಲ್ಲಿ ಚಕ್ಕುಲಿಯ ಡಬ್ಬಿ, ಇನ್ನೊಂದರಲ್ಲಿ ಪೆನ್ ಡ್ರೈವ್. ಚಕ್ಕುಲಿ ನಮಗೆ ತಂದದ್ದು. ಪೆನ್ ಡ್ರೈವಿನ ಚಿಂತೆಯನ್ನೂ ನಮಗೇ ತಂದಿದ್ದರೆಂದು ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ.

ರಾಯರೂ ಅವರ ಗೆಳೆಯರೂ ಬಡ ವಿದ್ಯಾರ್ಥಿಗಳ ಫೀಜಿಗೆಂದು ಒಂದು ಸಣ್ಣ ನಿಧಿಯನ್ನು ನಡೆಸಿಕೊಂಡು ಬಂದಿದ್ದಾರೆ. ಅದರ ಲೆಕ್ಕಕ್ಕಾಗಿ 1993ರಲ್ಲಿ ರಾಯರೇ ಟರ್ಬೊ ಪ್ಯಾಸ್ಕಲ್‌ನಲ್ಲಿ ಒಂದು ಪ್ರೋಗ್ರಾಂ ಬರೆದರು. 142 ಮಂದಿಯ ವಂತಿಗೆ ಎಲ್ಲವೂ ಅದರೊಳಗೇ. ಈ ಮಳೆಗಾಲದಲ್ಲಿ ಆ ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿತು. ರಾಯರ ಕಣ್ಣಿಗೂ ಈಗ ಮಬ್ಬು. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳಿಗೆ ಕೆಲಸ ಒಪ್ಪಿಸೋಣವೆಂದರೆ ಅವಳು, “ಪ್ಯಾಸ್ಕಲ್ ಈಗ ಯಾರಿಗೆ ಬೇಕು ಅಜ್ಜ? ಪೈಥಾನ್‌ನಲ್ಲಿ ಹೊಸದಾಗಿ ಬರೆದುಬಿಡೋಣ” ಅಂದಳಂತೆ. ರಾಯರು ಮಾತನಾಡದೆ ಎದ್ದು ನಮ್ಮಲ್ಲಿಗೆ ಬಂದಿದ್ದರು.

ಸ್ವಿಟ್ಜರ್ಲೆಂಡಿನ ನಿಕ್ಲೌಸ್ ವಿರ್ತ್ ಅವರು 1970ರಲ್ಲಿ ಪ್ಯಾಸ್ಕಲ್ ಭಾಷೆಯನ್ನು ಪ್ರಕಟಿಸಿದ್ದು ವಿದ್ಯಾರ್ಥಿಗಳಿಗೆ ಶಿಸ್ತಿನಿಂದ ಪ್ರೋಗ್ರಾಂ ಬರೆಯುವುದನ್ನು ಕಲಿಸಲೆಂದು. ಆ ಮಹನೀಯರು 2024ರ ಜನವರಿ 1ರಂದು ತೀರಿಕೊಂಡರು. ಭಾಷೆಯನ್ನು ಮನೆಮನೆಗೆ ಮುಟ್ಟಿಸಿದ್ದು 1983ರಲ್ಲಿ ಬೋರ್‌ಲ್ಯಾಂಡ್ ಕಂಪನಿ 49.95 ಡಾಲರಿಗೆ ಮಾರಿದ ಟರ್ಬೊ ಪ್ಯಾಸ್ಕಲ್. ಬರೆಯುವುದು, ಕಂಪೈಲ್ ಮಾಡುವುದು, ಓಡಿಸುವುದು ಎಲ್ಲವೂ ಒಂದೇ ಸೂರಿನಡಿ. ಒರಳು, ಒಲೆ, ನೀರಿನ ಹಂಡೆ ಕೈಗೆಟುಕುವ ಅಡಿಗೆಮನೆಯಂತೆ. ಇಂಥದ್ದಕ್ಕೆ ಈಗ ಐಡಿಇ ಎನ್ನುತ್ತಾರೆ. ಮೊಮ್ಮಗಳೂ ಅಜ್ಜನೂ ಕೂಡಿ ಅಡಿಗೆ ಮಾಡಬಹುದಾದ ಐಡಿಇ ಯಾವುದು ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ.

ಮೊದಲ ಸಲಹೆಯಲ್ಲೇ ನಾವು ಎಡವಿದೆವು. ವಿಷುಯಲ್ ಸ್ಟುಡಿಯೋ ಕೋಡ್ ಹಾಕಿಕೊಳ್ಳಿ, ಎಲ್ಲ ಭಾಷೆಗೂ ಆಗುತ್ತದೆ ಎಂದುಬಿಟ್ಟೆವು. ಆಗುವುದೇನೋ ದಿಟ. ಆದರೆ ಅದು ಮೂಲತಃ ಬರೆಯುವ ಹಲಗೆ. ಪ್ಯಾಸ್ಕಲ್ ಕಂಪೈಲರನ್ನು ಬೇರೆ ತಂದು ಅದಕ್ಕೆ ಜೋಡಿಸಬೇಕು. ಜೋಡಣೆಯಲ್ಲೇ ಒಂದು ಮಧ್ಯಾಹ್ನ ಕಳೆಯಿತು. “ಓಡಿಸುವ ಗುಂಡಿ ಎಲ್ಲಿ ಸ್ವಾಮಿ?” ಎಂದು ರಾಯರು ಮೂರು ಸಲ ಕೇಳಿದರು.

ಆಮೇಲೆ ಫ್ರೀ ಪ್ಯಾಸ್ಕಲ್. ಇದು ಧರ್ಮಕ್ಕೆ ಸಿಗುವ ಕಂಪೈಲರು. ಜೊತೆಗೆ ಬರುವ ಅದರದೇ ಐಡಿಇ ಹಳೆಯ ಟರ್ಬೊ ಪ್ಯಾಸ್ಕಲಿನ ತದ್ರೂಪ. ರಾಯರು ಕಂಟ್ರೋಲ್ ಹಿಡಿದು ಎಫ್ 9 ಒತ್ತಿದರು, ಪ್ರೋಗ್ರಾಂ ಓಡಿತು! ಆ ಮುಖ ನೋಡಬೇಕಾಗಿತ್ತು. ಆದರೆ ರಸೀದಿ ಕನ್ನಡದಲ್ಲಿ ಬರಬೇಕೆಂಬುದು ಅವರ ಗೆಳೆಯರ ಬಹುದಿನದ ಬೇಡಿಕೆ; ಆ ಪರದೆಯಲ್ಲಿ ಕನ್ನಡ ಮೂಡಲಿಲ್ಲ.

ಕೊನೆಗೆ ನಿಂತದ್ದು ಲಾಜರಸ್. ಅದರ ಕೆಲಸ 1999ರಲ್ಲಿ ಆರಂಭವಾಗಿ, 1.0 ಆವೃತ್ತಿ 2012ರಲ್ಲಿ ಹೊರಬಂತು. ಒಳಗಿನ ಕಂಪೈಲರು ಫ್ರೀ ಪ್ಯಾಸ್ಕಲೇ; ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಕನ್ನಡವೂ ಅಂದವಾಗಿ ಮೂಡುತ್ತದೆ. ಗೆದ್ದೆವೆಂದುಕೊಂಡು ಹಳೆಯ ಲೆಕ್ಕದ ಕಡತ ತೆರೆದರೆ, ಐನೂರು ರೂಪಾಯಿ ಕೊಟ್ಟವರ ಹೆಸರಿನೆದುರು ಅರ್ಥವಿಲ್ಲದ ಅಂಕೆಗಳು. ಮೂವತ್ತು ವರ್ಷದ ಲೆಕ್ಕ ಹೋಯಿತೇ ಎಂದು ರಾಯರು ಕುಳಿತಲ್ಲೇ ಬೆವರಿದರು.

ಗುಟ್ಟು ಬಿಡಿಸಿದವಳು ಮೊಮ್ಮಗಳು. ಕಡತದ ಅಳತೆ 4118 ಬೈಟು. ಅದನ್ನು 142ರಿಂದ ಭಾಗಿಸಿದಳು. ಒಬ್ಬೊಬ್ಬರಿಗೆ ಸರಿಯಾಗಿ 29. ಹೆಸರಿಗೆ 21, ಸದಸ್ಯ ಸಂಖ್ಯೆಗೆ 2, ಹಣಕ್ಕೆ 6. ಟರ್ಬೊ ಪ್ಯಾಸ್ಕಲ್‌ನಲ್ಲಿ ಇಂಟಿಜರ್ 2 ಬೈಟು, ರಿಯಲ್ 6 ಬೈಟು. ನಾವು ಹಾಕಿಕೊಂಡ ಲಾಜರಸ್‌ನಲ್ಲಿ ಅವೇ 4 ಮತ್ತು 8. ಪಾವಿನಲ್ಲಿ ಅಳೆದಿಟ್ಟದ್ದನ್ನು ಸೇರಿನಲ್ಲಿ ಅಳೆದ ಹಾಗಾಗಿತ್ತು. ಉಪಾಯ ರಾಯರದು: ಡಾಸ್‌ಬಾಕ್ಸ್ ಎಂಬ ಸಾಧನದೊಳಗೆ ಹಳೆಯ ಟರ್ಬೊ ಪ್ಯಾಸ್ಕಲನ್ನೇ ಎಬ್ಬಿಸಿ, ಲೆಕ್ಕವನ್ನೆಲ್ಲ ಸಾದಾ ಅಕ್ಷರದ ಕಡತಕ್ಕೆ ಇಳಿಸುವ ಹನ್ನೆರಡು ಸಾಲಿನ ಪ್ರೋಗ್ರಾಂ ಬರೆದರು. ಹಣ ಕಾಸಿಗೆ ಕಾಸು ತಾಳೆಯಾಯಿತು. ಆ ಕಡತವನ್ನು ಪೈಥಾನೂ ಓದಬಲ್ಲದಾದ್ದರಿಂದ ಮೊಮ್ಮಗಳ ಹಟಕ್ಕೂ ದಾರಿಯಾಯಿತು.

ಬೇರೆ ಮನೆಗಳವರಿಗೆ ಇಷ್ಟು: ಮಗು ಪೈಥಾನ್ ಕಲಿಯುತ್ತಿದ್ದರೆ ಅದರ ಜೊತೆಗೇ ಬರುವ ಐಡಲ್ ಸಾಕು, ಸಿ ಭಾಷೆಗೆ ಕೋಡ್ ಬ್ಲಾಕ್ಸ್, ಲ್ಯಾಪ್‌ಟಾಪ್ ಬಡಕಲಾಗಿದ್ದರೆ ಜೀನಿ. ನಾಲ್ಕು ಭಾಷೆ ಬಲ್ಲವರು ವಿಷುಯಲ್ ಸ್ಟುಡಿಯೋ ಕೋಡ್ ಹಾಕಿಕೊಳ್ಳಲಿ, ನಮ್ಮ ಅಭ್ಯಂತರವಿಲ್ಲ.

ಹೊಸ ಪ್ರೋಗ್ರಾಮಿನಲ್ಲಿ ಮೊದಲ ಕನ್ನಡ ರಸೀದಿ ತೆಗೆದಾಗ ‘ಶ್ರೀನಿವಾಸಮೂರ್ತಿ’ ಎಂಬ ಹೆಸರು ‘ಶ್ರೀನಿ’ ಎಂದಷ್ಟೇ ಬಂದು, ಪಕ್ಕದಲ್ಲೊಂದು ಕಸ ನಿಂತಿತ್ತು. ಹೆಸರಿಗೆ ರಾಯರು ಹಳೆಯ ರೂಢಿಯಂತೆ 20 ಬೈಟು ಇಟ್ಟಿದ್ದರು; ಕನ್ನಡದಲ್ಲಿ ಒಂದು ವ್ಯಂಜನಕ್ಕೆ 3 ಬೈಟು, ಕೊಂಬಿಗೋ ಗುಣಿಸಿಗೋ ಮತ್ತೆ 3. “ನೀವು ಅವರನ್ನ ಕರೆಯೋದೂ ಹಾಗೇ ಅಲ್ವಾ ಅಜ್ಜ?” ಎಂದು ಮೊಮ್ಮಗಳು ನಕ್ಕಳು. ರಾಯರೂ ನಕ್ಕು, ಆ ಮಿತಿಯನ್ನು ಅವಳ ಕೈಯಿಂದಲೇ ಅಳಿಸಿಸಿದರು.

ಪೆನ್ ಡ್ರೈವ್ ಇನ್ನೂ ನಮ್ಮ ಮೇಜಿನ ಮೇಲಿದೆ. ಚಕ್ಕುಲಿಯ ಡಬ್ಬಿಯನ್ನು ಮಾತ್ರ ರಾಯರು ನೆನಪಿಟ್ಟು ಕೇಳಿ ಒಯ್ದರು.