ಆಂಪ್ಲಿಫೈಯರ್ ಕೊಳ್ಳಬೇಡಿ, ಮಾಡಿ ನೋಡಿ

ಮಕ್ಕಳೇ, ಜಾಂಬೋಟಿಯ ಮಳೆಯನ್ನು ನೀವು ನೋಡಿದ್ದೀರಾ? ಖಾನಾಪುರ ತಾಲ್ಲೂಕಿನ ಈ ಊರು ಸಹ್ಯಾದ್ರಿಯ ಕಾಡಿನ ಅಂಚಿನಲ್ಲಿದೆ. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗುವ ರಸ್ತೆ ಇದರ ಮೂಲಕವೇ ಸಾಗುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಮರದ ಕೊಂಬೆಯೊಂದು ತಂತಿಯ ಮೇಲೆ ಬಿತ್ತೆಂದರೆ ಕರೆಂಟು ಹೋದಂತೆಯೇ. ಅಂಥ ಸಂಜೆ ಗುಡಿಯಲ್ಲಿ ಭಜನೆಗೆ ಕುಳಿತರೆ, ಹಂಚಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಏಕತಾರಿಯ ನಾದ ಮುಳುಗಿ ಹೋಗುತ್ತದೆ. ಎಷ್ಟೇ ದೊಡ್ಡ ಆಂಪ್ಲಿಫೈಯರ್ ಇದ್ದರೂ ಕರೆಂಟಿಲ್ಲದೆ ಅದು ಬರೀ ಪೆಟ್ಟಿಗೆ!

ಆಗ ನೆರವಿಗೆ ಬರುವುದು ಶೆಲ್ಲಿನಿಂದ ನಡೆಯುವ ಪುಟ್ಟ ಆಂಪ್ಲಿಫೈಯರ್. ಅದನ್ನು ಆರನೆಯ, ಏಳನೆಯ ತರಗತಿಯ ಮಕ್ಕಳು ತಾವೇ ಮಾಡಬಲ್ಲರು, ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. "ಅಂಗಡಿಯಲ್ಲಿ ಸಿಗುವಾಗ ಈ ರಗಳೆ ಯಾಕೆ?" ಎಂದು ಮನೆಯಲ್ಲಿ ಕೇಳುತ್ತಾರೆ. ಕೇಳಲಿ. ಆ ಪ್ರಶ್ನೆಗೆ ಆಮೇಲೆ ಬರೋಣ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ಏಕತಾರಿಗೆ ಸೋರೆ ಬುರುಡೆ ಇರುತ್ತದೆ. ಖಾನಾಪುರದಿಂದ ಬೆಳಗಾವಿ ದಾಟಿ ರೈಲಿನಲ್ಲಿ ಹೋದರೆ ಸಿಗುವ ಮಿರಜದಲ್ಲಿ ಸಿತಾರ್, ತಂಬೂರಿಗಳಿಗೂ ಬುರುಡೆ ಜೋಡಿಸುತ್ತಾರೆ. ಅಲ್ಲಿನ ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. "ಬುರುಡೆಯೂ ಆಂಪ್ಲಿಫೈಯರೇ ಅಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. ತೆಳುವಾದ ತಂತಿಯೊಂದೇ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಬುರುಡೆಯೂ ಹಲಗೆಯೂ ತಂತಿಯ ಕಂಪನವನ್ನು ಗಾಳಿಗೆ ಚೆನ್ನಾಗಿ ದಾಟಿಸುತ್ತವೆ, ಅಷ್ಟೇ. ನಿಮ್ಮ ಬೆರಳು ಕೊಟ್ಟ ಶಕ್ತಿಗಿಂತ ಒಂದು ಗುಂಜಿಯಷ್ಟನ್ನೂ ಅವು ಹೆಚ್ಚಾಗಿ ಸೇರಿಸುವುದಿಲ್ಲ. ಆಂಪ್ಲಿಫೈಯರ್ ಹಾಗಲ್ಲ. ಅದು ಹೊರಗಿನಿಂದ ಶಕ್ತಿ ತಂದು ಸೇರಿಸುತ್ತದೆ.

ಹೇಗೆ ಸೇರಿಸುತ್ತದೆ? ಜಾಂಬೋಟಿಯಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಕಣಕುಂಬಿ ಸಿಗುತ್ತದೆ. ಮಲಪ್ರಭೆ ಹುಟ್ಟುವುದು ಅಲ್ಲಿಯೇ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಆ ನದಿಗೆ ಅಣೆಕಟ್ಟು ಇದೆ. ಕಾಲುವೆಯ ಗೇಟಿನ ಚಕ್ರವನ್ನು ಒಬ್ಬ ಮನುಷ್ಯ ತಿರುಗಿಸಿದನೆನ್ನಿ. ನೀರು ಭೋರ್ಗರೆದು ನುಗ್ಗುತ್ತದೆ. ಆ ಭೋರ್ಗರೆತದ ಬಲ ಅವನ ತೋಳಿನದೇ? ಅಲ್ಲ, ನಿಂತಿದ್ದ ನೀರಿನದು. ಅವನ ಕೈ ಗೇಟನ್ನು ಹೆಚ್ಚು ಕಡಿಮೆ ಮಾಡಿತು, ಅಷ್ಟೇ. ಆಂಪ್ಲಿಫೈಯರ್‌ನೊಳಗಿನ ಟ್ರಾನ್ಸಿಸ್ಟರ್ ಇಂಥದೇ ಗೇಟು. ತಂತಿಯಿಂದ ಬಂದ ಬಡಕಲು ವಿದ್ಯುತ್ತು ಗೇಟನ್ನು ಆಡಿಸುತ್ತದೆ. ಶೆಲ್ಲಿನಲ್ಲಿ ನಿಂತ ಶಕ್ತಿ ಅದೇ ಲಯದಲ್ಲಿ ಸ್ಪೀಕರ್‌ಗೆ ಹರಿಯುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್‌ಗಾಗಿ ಮೂವರು ವಿಜ್ಞಾನಿಗಳಿಗೆ 1956ರಲ್ಲಿ ನೊಬೆಲ್ ಬಹುಮಾನ ಬಂತು.

ಚೋರ್ಲಾ ಘಾಟಿಯ ಆಚೆ, ಗೋವಾದಲ್ಲಿ ಗಿಟಾರ್ ಮನೆಮಾತು. ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಬಹಳಷ್ಟಕ್ಕೆ ಟೊಳ್ಳು ಹೊಟ್ಟೆಯೇ ಇರುವುದಿಲ್ಲ. ಆಂಪ್ಲಿಫೈಯರ್ ಇಲ್ಲದಿದ್ದರೆ ಅದರ ನಾದ ಪಕ್ಕದಲ್ಲಿ ಕುಳಿತವರಿಗಷ್ಟೇ ಕೇಳೀತು. ನಿಮ್ಮಲ್ಲಿ ಗಿಟಾರ್ ಇಲ್ಲವೇ? ಚಿಂತೆ ಬೇಡ. ಬಝರ್‌ನೊಳಗೆ ಹಿತ್ತಾಳೆಯ ತೆಳು ಬಿಲ್ಲೆಯೊಂದು ಇರುತ್ತದೆ, ಅದರ ಹೆಸರು ಪೀಝೋ. ಅದನ್ನು ಅದುಮಿದರೆ, ನಡುಗಿಸಿದರೆ ವಿದ್ಯುತ್ತು ಹುಟ್ಟುತ್ತದೆ. ಕ್ಯೂರಿ ಸಹೋದರರು ಈ ಗುಣವನ್ನು 1880ರಲ್ಲಿ ಹರಳುಗಳಲ್ಲಿ ಕಂಡರು. ಬಿಲ್ಲೆಯನ್ನು ಏಕತಾರಿಯ ಬುರುಡೆಗೆ ಅಂಟಿಸಿ. ನಾದ ತುಸು ತೆಳುವಾಗಿ ಬರುತ್ತದೆ, ಆದರೆ ಬಂದೇ ಬರುತ್ತದೆ.

ಇನ್ನು ಮುಖ್ಯ ವಸ್ತು ಎಲ್‌ಎಂ 386 ಎಂಬ ಐಸಿ. ಎಂಟು ಕಾಲಿನ ಕಪ್ಪು ಹುಳುವಿನಂತಿರುವ ಇದರ ಬೆಲೆ ಒಂದು ನೋಟ್‌ಬುಕ್ಕಿನ ಆಸುಪಾಸು. ಕಚ್ಚು ಇರುವ ತುದಿ ಮೇಲಕ್ಕಿರಲಿ. ಎಡಗಡೆಯ ಮೇಲಿನ ಕಾಲೇ 1. ಅಲ್ಲಿಂದ ಕೆಳಗಿಳಿದು, ಬಲಗಡೆಯಲ್ಲಿ ಮೇಲೇರುತ್ತ 8ರವರೆಗೆ ಎಣಿಸಿ. ಆರು ಶೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 9 ವೋಲ್ಟ್ ಆಗುತ್ತದೆ. ಅದರ ಧನ ತುದಿ 6ನೆಯ ಕಾಲಿಗೆ, ಋಣ ತುದಿ 2 ಮತ್ತು 4ಕ್ಕೆ. ಬಿಲ್ಲೆಯ ಒಂದು ತಂತಿ 3ಕ್ಕೆ, ಇನ್ನೊಂದು ಋಣಕ್ಕೆ. 5ನೆಯ ಕಾಲಿಗೆ 220 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಧನ ತುದಿ. ಅದರ ಇನ್ನೊಂದು ತುದಿಯಿಂದ 8 ಓಮ್ ಸ್ಪೀಕರ್, ಸ್ಪೀಕರ್‌ನ ಮತ್ತೊಂದು ತಂತಿ ಋಣಕ್ಕೆ. ಇಷ್ಟಾದರೆ ವಿದ್ಯುತ್ ಸಂಕೇತ ಇಪ್ಪತ್ತು ಪಟ್ಟು ಹೆಚ್ಚುತ್ತದೆ. 10 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಧನ ತುದಿಯನ್ನು 1ಕ್ಕೆ, ಋಣ ತುದಿಯನ್ನು 8ಕ್ಕೆ ಸೇರಿಸಿದರೆ ಇನ್ನೂರು ಪಟ್ಟು! ಬ್ರೆಡ್‌ಬೋರ್ಡಿನಲ್ಲಿ ಸಿಕ್ಕಿಸಿದರೆ ಐಸಿಗೆ ಬೆಸುಗೆಯೂ ಬೇಕಿಲ್ಲ.

ಶೆಲ್ಲೇ ಯಾಕೆಂದು ಹೇಳುತ್ತೇನೆ. ಹದಿಮೂರನೆಯ ವಯಸ್ಸಿನಲ್ಲಿ ನಾನು ಕೆಟ್ಟುಹೋದ ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಬಿಚ್ಚಿದ್ದೆ. ಪ್ಲಗ್ ಕಿತ್ತಿದ್ದೇನಲ್ಲ ಎಂಬ ಧೈರ್ಯ. ಒಳಗಿನ ದಪ್ಪ ಕೆಪಾಸಿಟರ್ ಕರೆಂಟನ್ನು ಇನ್ನೂ ಹಿಡಿದುಕೊಂಡೇ ಇತ್ತು. ಗೋಡೆಗೆ ಹೋಗಿ ಬಿದ್ದೆ, ಮೊಣಕೈಯವರೆಗೆ ಜೋಮು. ಬದುಕಿದ್ದು ಅದೃಷ್ಟ. ಆದ್ದರಿಂದ ಗೋಡೆಯ 230 ವೋಲ್ಟಿನಿಂದ ನಡೆಯುವ ಯಾವುದನ್ನೂ, ಪ್ಲಗ್ ಕಿತ್ತಿದ್ದರೂ, ಬಿಚ್ಚಬೇಡಿ. ಈ ಮಾತಿನಲ್ಲಿ ನನ್ನದು ಯಾವ ರಿಯಾಯಿತಿಯೂ ಇಲ್ಲ. ಒಂಬತ್ತು ವೋಲ್ಟಿನಲ್ಲಿ ಮಾತ್ರ ನೀವು ಧಾರಾಳವಾಗಿ ತಪ್ಪು ಮಾಡಬಹುದು. ಧನ, ಋಣ ಅದಲುಬದಲಾದರೆ ಐಸಿ ಸುಡುತ್ತದೆ. ಹೋಗುವುದು ಒಂದು ನೋಟ್‌ಬುಕ್ಕಿನ ದುಡ್ಡು.

"ಅರ್ಧ ವಾಟಿನ ಸದ್ದು ಯಾವ ಮೂಲೆಗೆ?" ಎಂದು ಅಣ್ಣಂದಿರು ನಗಬಹುದು. ಜಾತ್ರೆಯ 500 ವಾಟಿಗೂ ಇದಕ್ಕೂ ಸಾವಿರ ಪಟ್ಟು ಅಂತರವಿದೆ ನಿಜ. ಆದರೆ ನಮ್ಮ ಕಿವಿಯ ಲೆಕ್ಕವೇ ಬೇರೆ. ವಾಟು ಹತ್ತು ಪಟ್ಟಾದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾದಂತೆ ಅನ್ನಿಸುತ್ತದೆ. ನೂರು ಪಟ್ಟಿಗೆ ನಾಲ್ಕು, ಸಾವಿರ ಪಟ್ಟಿಗೆ ಎಂಟು. ಒಂದು ಕೋಣೆಗೆ, ಒಂದು ಭಜನೆಗೆ ಅರ್ಧ ವಾಟು ಧಾರಾಳ. ಅಂದಹಾಗೆ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಜಾತ್ರೆಯವರಿಗೆ ಇದನ್ನು ನೆನಪಿಸಿದರೆ ತಪ್ಪಿಲ್ಲ!

ಈಗ ಮನೆಯವರ ಪ್ರಶ್ನೆ. ಅಂಗಡಿಯ ಬ್ಲೂಟೂತ್ ಸ್ಪೀಕರ್ ನಿಮ್ಮದಕ್ಕಿಂತ ಇಂಪಾಗಿ ನುಡಿಯುತ್ತದೆ, ಒಪ್ಪೋಣ. ಆದರೆ ಕೆಟ್ಟ ದಿನ ಅದು ಕಸ. ಅದರೊಳಗೆ ಏನಿದೆ ಎಂದು ನಿಮಗೆ ತಿಳಿಯದು. ನೀವು ಮಾಡಿದ್ದು 'ಕೂಯ್' ಎಂದು ಕಿರುಚಿದರೆ ಕಾರಣ ಹುಡುಕುತ್ತೀರಿ. ಬಿಲ್ಲೆ ಸ್ಪೀಕರ್‌ಗೆ ಹತ್ತಿರವಿದೆಯೇ? ಹೊರಟ ಸದ್ದು ಮತ್ತೆ ಬಿಲ್ಲೆಗೇ ಬಂದು ಸುತ್ತು ಹಾಕುತ್ತಿದೆ. ದೂರ ಇಡಿ, ನಿಲ್ಲುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್ ಕಿರುಚುವುದೂ ಇದಕ್ಕೇ ಎಂದು ಆಗ ಹೊಳೆಯುತ್ತದೆ. ಪ್ರತಿ ಶಾಲೆಯ ವಿಜ್ಞಾನದ ಮೂಲೆಯಲ್ಲಿ ಮಕ್ಕಳೇ ಮಾಡಿದ, ಮುಚ್ಚಳ ಹಾಕದ ಇಂಥದೊಂದು ಇರಲಿ ಎಂದು ನಿಮ್ಮ ಗುರುಗಳನ್ನೂ ಕೇಳಿಕೊಳ್ಳುತ್ತೇನೆ.

ಮಾಡಿದ ಮೇಲೆ ಇದೊಂದನ್ನು ಪರೀಕ್ಷಿಸಿ. ಇನ್ನೂರು ಪಟ್ಟಿಗೆ ಇಟ್ಟು, ಬಿಲ್ಲೆಯನ್ನು ಕಳಚಿ, 3ನೆಯ ಕಾಲನ್ನು ಬೆರಳಿನಿಂದ ಮುಟ್ಟಿ. ಸ್ಪೀಕರ್ 'ಗುಂಯ್' ಎನ್ನುತ್ತದೆ. ಗೋಡೆಯ ತಂತಿಗಳಲ್ಲಿ ಸೆಕೆಂಡಿಗೆ 50 ಸಲ ಹೊಯ್ದಾಡುವ ಕರೆಂಟಿನ ಪ್ರಭಾವ ನಿಮ್ಮ ಮೈಯನ್ನು ಹಾದು ಬಂದು ಹಾಗೆ ಕೇಳಿಸುತ್ತದೆ. ಮುಂದಿನ ಮಳೆಗೆ ಕರೆಂಟು ಹೋದಾಗ ಇನ್ನೊಮ್ಮೆ ಮುಟ್ಟಿ. ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.